ಪಟ್ಟಿ ಓದುಗರ ಕೈಯಲ್ಲಿ

ಪಾಡ್‌ಕಾಸ್ಟ್ ಕೇಳುವ ಅಭ್ಯಾಸವಿದ್ದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಇಷ್ಟವಾದ ಸರಣಿಯನ್ನು ಮೊಬೈಲಿನ ಆ್ಯಪ್‌ನಲ್ಲಿ ಒಮ್ಮೆ ಆರಿಸಿಕೊಂಡರೆ ಸಾಕು, ಹೊಸ ಕಂತು ಬಂದಾಗಲೆಲ್ಲ ಅದು ತಾನಾಗಿಯೇ ಪಟ್ಟಿಯಲ್ಲಿ ಕಾಣಿಸುತ್ತದೆ. ಸರಣಿ ನಡೆಸುವವರಿಗೆ ನೀವು ಹೆಸರು ಕೊಟ್ಟಿರುವುದಿಲ್ಲ, ಇಮೇಲ್ ವಿಳಾಸವನ್ನೂ ಕೊಟ್ಟಿರುವುದಿಲ್ಲ. ಹಾಗಿದ್ದರೂ ಕಂತು ನಿಮ್ಮನ್ನು ತಲುಪುತ್ತದೆ. ಇದನ್ನು ಸಾಧ್ಯವಾಗಿಸಿರುವುದು ವೆಬ್ ಫೀಡ್ ಎಂಬ, ಕಾಲು ಶತಮಾನ ಹಳೆಯ ವ್ಯವಸ್ಥೆ. ಅದು ಹುಟ್ಟಿದ್ದು ಧ್ವನಿಗಾಗಿ ಅಲ್ಲ, ಬರಹಕ್ಕಾಗಿ. ಇಂದಿಗೂ ಬರಹಕ್ಕೆ ಅದು ಅಷ್ಟೇ ಚೆನ್ನಾಗಿ ಒದಗುತ್ತದೆ, ಬಳಸುವವರು ಕಡಿಮೆ ಅಷ್ಟೆ.

ಫೀಡ್ ಎಂದರೆ ಒಂದು ಕಡತ. ಜಾಲತಾಣದ ಸಾಮಾನ್ಯ ಪುಟವನ್ನು ಮನುಷ್ಯರ ಕಣ್ಣಿಗೆಂದು ಸಿದ್ಧಪಡಿಸಿರುತ್ತಾರೆ. ಅಲ್ಲಿ ಚಿತ್ರ, ಬಣ್ಣ, ಜಾಹೀರಾತು ಎಲ್ಲ ಇರುತ್ತವೆ. ಅದೇ ತಾಣದ ಫೀಡ್ ಕಡತವನ್ನು ತಂತ್ರಾಂಶಕ್ಕೆ ಅರ್ಥವಾಗುವಂತೆ ಬರೆದಿರುತ್ತಾರೆ. ಅದರಲ್ಲಿ ಇತ್ತೀಚಿನ ಬರಹಗಳ ಪಟ್ಟಿ ಇರುತ್ತದೆ. ಒಂದೊಂದಕ್ಕೂ ಶೀರ್ಷಿಕೆ, ಕೊಂಡಿ, ಪ್ರಕಟವಾದ ದಿನಾಂಕ, ಸಾರಾಂಶ ಅಥವಾ ಪೂರ್ತಿ ಬರಹ, ಜೊತೆಗೆ ಅದಕ್ಕಷ್ಟೇ ಸೇರಿದ ಒಂದು ಗುರುತಿನ ಸಂಖ್ಯೆಯೋ ವಿಳಾಸವೋ ಇರುತ್ತದೆ. ಈ ಗುರುತು ಮುಖ್ಯ. ಯಾವುದನ್ನು ಈಗಾಗಲೇ ತೋರಿಸಿಯಾಗಿದೆ, ಯಾವುದು ಹೊಸದು ಎಂದು ತಂತ್ರಾಂಶ ಇದರಿಂದಲೇ ತಿಳಿಯುತ್ತದೆ. ಪಟ್ಟಿ ಬಹಳ ಉದ್ದವಾಗಿರುವುದಿಲ್ಲ. ವರ್ಡ್‌ಪ್ರೆಸ್ ಬಳಸುವ ತಾಣಗಳಲ್ಲಿ, ನಡೆಸುವವರು ಬದಲಿಸದಿದ್ದರೆ, ಕೊನೆಯ 10 ಬರಹಗಳಷ್ಟೇ ಇರುತ್ತವೆ.

ಇಲ್ಲಿ ಒಂದು ತಪ್ಪು ಕಲ್ಪನೆ ಸಾಮಾನ್ಯ. ಫೀಡ್‌ಗೆ ಚಂದಾದಾರರಾದರೆ ಜಾಲತಾಣ ನಮಗೆ ಬರಹ ಕಳುಹಿಸುತ್ತದೆ ಎಂದು ಹಲವರು ತಿಳಿಯುತ್ತಾರೆ. ಸಾಮಾನ್ಯವಾಗಿ ತಾಣ ಏನನ್ನೂ ಕಳುಹಿಸುವುದಿಲ್ಲ. ಪಂಚಾಯಿತಿ ಕಚೇರಿಯ ಸೂಚನಾ ಫಲಕ ಯಾರ ಮನೆಗೂ ನಡೆದು ಬರುವುದಿಲ್ಲ, ಯಾರಾದರೂ ಹೋಗಿ ನೋಡಿ ಬಂದು ಹೇಳಬೇಕು. ಹಾಗೆ ಹೋಗಿಬರುವ ಕೆಲಸವನ್ನು ‘ಫೀಡ್ ರೀಡರ್’ ಎಂಬ ತಂತ್ರಾಂಶ ಮಾಡುತ್ತದೆ. ನೀವು ಕೊಟ್ಟ ವಿಳಾಸಗಳಿಗೆ ಅದು ಆಗಾಗ ಹೋಗಿ, ‘ಕಳೆದ ಸಲದಿಂದ ಈಚೆಗೆ ಏನಾದರೂ ಬದಲಾಗಿದೆಯೇ?’ ಎಂದು ಕೇಳುತ್ತದೆ. ಬದಲಾಗಿಲ್ಲದಿದ್ದರೆ ತಾಣದ ಸರ್ವರ್ 304 ಎಂಬ ಚುಟುಕು ಸಂಕೇತವನ್ನು ಮರಳಿಸಿ ಸುಮ್ಮನಾಗಬಹುದು, ಇಡೀ ಕಡತವನ್ನು ಮತ್ತೆ ಕೊಡಬೇಕಿಲ್ಲ. ಸಾವಿರಾರು ಓದುಗರ ಪರವಾಗಿ ದಿನವಿಡೀ ಈ ವಿಚಾರಣೆ ನಡೆಯುತ್ತಿದ್ದರೂ ತಾಣದ ಮೇಲೆ ಹೆಚ್ಚಿನ ಹೊರೆ ಬೀಳದಿರಲು ಇದೇ ಕಾರಣ.

ಹೀಗೆ ಕೇಳುವ ಕೆಲಸ ಓದುಗರ ಕಡೆಗಿರುವುದರಿಂದಲೇ ಫೀಡ್‌ನ ಉಳಿದ ಗುಣಗಳೆಲ್ಲ ಬಂದಿವೆ. ತಾಣಕ್ಕೆ ಓದುಗರ ಹೆಸರಾಗಲಿ ಇಮೇಲ್ ಆಗಲಿ ಬೇಕಿಲ್ಲ. ಬೇಡವಾದಾಗ ಯಾರ ಅನುಮತಿಯನ್ನೂ ಕೇಳದೆ ಪಟ್ಟಿಯಿಂದ ಅಳಿಸಿದರಾಯಿತು. ಬರಹಗಳು ಪ್ರಕಟವಾದ ಸರದಿಯಲ್ಲಿಯೇ ಬರುತ್ತವೆ. ಯಾವುದನ್ನು ಮೇಲೆ ತರಬೇಕು, ಯಾವುದನ್ನು ಅಡಗಿಸಬೇಕು ಎಂದು ನಿರ್ಧರಿಸುವ ಮೂರನೆಯವರು ಮಧ್ಯೆ ಕುಳಿತಿರಲೇಬೇಕು ಎಂದೇನೂ ಇಲ್ಲ.

ಈ ವ್ಯವಸ್ಥೆಯ ಮೊದಲ ರೂಪವಾದ ಆರ್‌ಎಸ್‌ಎಸ್ 1999ರ ಮಾರ್ಚಿನಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಸಿದ್ಧವಾಯಿತು. ಅದನ್ನು ರೂಪಿಸಿದವರು ಡ್ಯಾನ್ ಲಿಬಿ ಮತ್ತು ಐಐಟಿ ಮದ್ರಾಸಿನಲ್ಲಿ ಓದಿದ ರಾಮನಾಥನ್ ಗುಹಾ. ಬೇರೆ ಬೇರೆ ತಾಣಗಳ ಶೀರ್ಷಿಕೆಗಳನ್ನು ತಮ್ಮ ಕಂಪನಿಯ ಪೋರ್ಟಲ್‌ನ ಒಂದೇ ಪುಟಕ್ಕೆ ತರುವುದು ಆಗಿನ ಉದ್ದೇಶವಾಗಿತ್ತು. ನೆಟ್‌ಸ್ಕೇಪ್ ಆಸಕ್ತಿ ಕಳೆದುಕೊಂಡ ಮೇಲೆ ಡೇವ್ ವೈನರ್ ಮೊದಲಾದವರು ಅದನ್ನು ಬೆಳೆಸಿದರು. 2000ದಲ್ಲಿ ಪಟ್ಟಿಯ ಜೊತೆ ಧ್ವನಿ ಕಡತವನ್ನು ಲಗತ್ತಿಸುವ ಅವಕಾಶ ಸೇರಿತು, ಪಾಡ್‌ಕಾಸ್ಟ್‌ಗೆ ದಾರಿಯಾದದ್ದು ಅದೇ. 2005ರಲ್ಲಿ ಆ್ಯಟಮ್ ಎಂಬ ಇನ್ನೊಂದು ಮಾದರಿ ಅಂತರ್ಜಾಲದ ಅಧಿಕೃತ ಮಾನಕವಾಯಿತು. ಓದುಗರು ಇವೆರಡರ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ರೀಡರ್‌ಗಳಿಗೆ ಎರಡೂ ಗೊತ್ತು.

ಕನ್ನಡದ ಮಟ್ಟಿಗೆ ಒಂದು ಅಡ್ಡಿ ಬೇರೆಯೇ ಇತ್ತು. ಹಿಂದೆ ಅನೇಕ ಕನ್ನಡ ತಾಣಗಳು ತಮ್ಮದೇ ಫಾಂಟ್‌ಗಳನ್ನು ನೆಚ್ಚಿಕೊಂಡಿದ್ದವು. ಒಳಗಿನ ಸಂಕೇತ ಇಂಗ್ಲಿಷ್ ಅಕ್ಷರಗಳದ್ದೇ, ಫಾಂಟ್ ಮಾತ್ರ ಅದಕ್ಕೆ ಕನ್ನಡದ ವೇಷ ತೊಡಿಸುತ್ತಿತ್ತು. ಫೀಡ್ ಕೊಂಡೊಯ್ಯುವುದು ಅಕ್ಷರಗಳನ್ನೇ ಹೊರತು ಫಾಂಟನ್ನಲ್ಲ. ಹಾಗಾಗಿ ಅಂಥ ಬರಹ ರೀಡರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತಿನೆಲ್ಲೆಡೆ ಒಂದೇ ಸಂಕೇತ ಕೊಡುವ ಯೂನಿಕೋಡ್ ರೂಢಿಯಾದ ಮೇಲೆ ಈ ತೊಡಕು ನೀಗಿತು.

ಇಷ್ಟು ಅನುಕೂಲವಿದ್ದೂ ಫೀಡ್ ಹಿಂದೆ ಸರಿದದ್ದೇಕೆ? 2005ರಲ್ಲಿ ಬಂದ ಗೂಗಲ್ ರೀಡರ್ ಬಹಳ ಜನಪ್ರಿಯವಾಗಿತ್ತು. ಬಳಕೆ ಕಡಿಮೆಯಾಗುತ್ತಿದೆ ಎಂದು ಗೂಗಲ್ 2013ರ ಜುಲೈ 1ರಂದು ಅದನ್ನು ಮುಚ್ಚಿತು. ಫೈರ್‌ಫಾಕ್ಸ್ ಕೂಡ 2018ರಲ್ಲಿ ತನ್ನೊಳಗಿನ ಫೀಡ್ ಸೌಲಭ್ಯವನ್ನು ತೆಗೆಯಿತು. ಅಷ್ಟರಲ್ಲಿ ಓದುಗರು ಫೇಸ್‌ಬುಕ್, ಟ್ವಿಟರ್‌ಗಳತ್ತ ಹೊರಳಿದ್ದರು. ಜಾಹೀರಾತಿನಿಂದ ಬದುಕುವ ತಾಣಗಳಿಗೂ ಓದುಗರು ಪುಟಕ್ಕೇ ಬರಲಿ ಎಂಬ ಆಸೆ ಇರುವುದು ಸಹಜ. ಕೆಲವು ಪತ್ರಿಕೆಗಳ ಫೀಡ್‌ನಲ್ಲಿ ಎರಡು ಸಾಲು ಮಾತ್ರ ಸಿಗುವುದು ಇದರಿಂದಲೇ. ಆದರೂ ಗೂಗಲ್ ರೀಡರ್ ಮುಚ್ಚಿದಾಗ ಓದುಗರ ಪಟ್ಟಿಗಳು ಅದರೊಂದಿಗೆ ಮುಳುಗಲಿಲ್ಲ. ಒಪಿಎಂಎಲ್ ಎಂಬ ಸರಳ ಕಡತವಾಗಿ ಅವನ್ನು ಹೊರತೆಗೆದು ಬೇರೆ ರೀಡರ್‌ಗೆ ಹಾಕಿಕೊಳ್ಳಲು ಸಾಧ್ಯವಿತ್ತು, ಅನೇಕರು ಹಾಗೆಯೇ ಮಾಡಿದರು. ಫೇಸ್‌ಬುಕ್ಕಿನಲ್ಲಿ ಅನುಸರಿಸುವ ಪುಟಗಳನ್ನು ಹೀಗೆ ಗಂಟು ಕಟ್ಟಿ ಇನ್ನೊಂದು ಕಡೆ ಬಿಚ್ಚಲು ಬರುವುದಿಲ್ಲ.

ಶುರು ಮಾಡುವುದು ಸುಲಭ. ಫೀಡ್ಲಿ, ಇನೋರೀಡರ್, ಆ್ಯಂಡ್ರಾಯ್ಡ್‌ನ ಫೀಡರ್, ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್, ಇವುಗಳಲ್ಲಿ ಯಾವುದಾದರೂ ಒಂದಿರಲಿ. ತಾಣದ ಮಾಮೂಲಿ ವಿಳಾಸವನ್ನು ಅದರಲ್ಲಿ ಅಂಟಿಸಿದರೆ, ಪುಟದೊಳಗೆ ಅಡಗಿರುವ ಫೀಡ್ ವಿಳಾಸವನ್ನು ಹೆಚ್ಚಿನ ರೀಡರ್‌ಗಳು ತಾವೇ ಪತ್ತೆಹಚ್ಚುತ್ತವೆ. ಸಿಗದಿದ್ದರೆ, ವರ್ಡ್‌ಪ್ರೆಸ್ ತಾಣವಾದಲ್ಲಿ, ವಿಳಾಸದ ಕೊನೆಗೆ ಓರೆಗೆರೆ ಹಾಕಿ ಇಂಗ್ಲಿಷಿನಲ್ಲಿ ‘ಫೀಡ್’ ಎಂದು ಸೇರಿಸಿ ನೋಡಬಹುದು. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಉಂಟು. ಅಪರೂಪಕ್ಕೆ ಬರೆಯುವವರ ತಾಣಗಳಿಗೆ ಇದು ಹೆಚ್ಚು ಉಪಯುಕ್ತ. ದಿನಕ್ಕೆ ನೂರು ಸುದ್ದಿ ಹಾಕುವ ತಾಣಗಳನ್ನೇ ತುಂಬಿಕೊಂಡರೆ ಓದದೆ ಉಳಿದವುಗಳ ಸಂಖ್ಯೆ ನೋಡಿಯೇ ದಿಗಿಲಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಫೀಡ್‌ನ ಅಗತ್ಯ ಹೆಚ್ಚಿರುವುದು ಸಾಹಿತ್ಯ, ಸುದ್ದಿಗಳಿಗಿಂತ ಸರ್ಕಾರಿ ಪ್ರಕಟಣೆಗಳಿಗೆ. ನೇಮಕಾತಿ ಅಧಿಸೂಚನೆ ಬಂತೇ ಎಂದು ಅಭ್ಯರ್ಥಿಗಳು ಇಲಾಖೆಯ ತಾಣವನ್ನು ಮತ್ತೆ ಮತ್ತೆ ತೆರೆದು ನೋಡುತ್ತಾರೆ, ಇಲ್ಲವೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುವ ಮೂಲವೇ ತಿಳಿಯದ ಪಿಡಿಎಫ್ ನಂಬುತ್ತಾರೆ. ಭಾರತೀಯ ರಿಸರ್ವ್ ಬ್ಯಾಂಕ್ ತನ್ನ ಪ್ರಕಟಣೆ, ಅಧಿಸೂಚನೆಗಳಿಗೆ ಫೀಡ್ ಒದಗಿಸುತ್ತದೆ. ರಾಜ್ಯದ ಪ್ರತಿ ಇಲಾಖೆ, ಪ್ರತಿ ವಿಶ್ವವಿದ್ಯಾಲಯವೂ ಹಾಗೆ ಮಾಡಬಹುದು. ಇದಕ್ಕೆಂದೇ ಹೊಸ ಆ್ಯಪ್ ಬೇಕಿಲ್ಲ. ತಾಣಗಳನ್ನು ನಡೆಸುವ ಹಲವು ತಂತ್ರಾಂಶಗಳಲ್ಲಿ ಫೀಡ್ ಸೌಲಭ್ಯ ಮೊದಲೇ ಇರುತ್ತದೆ. ಅದನ್ನು ಚಾಲೂ ಇಟ್ಟು, ವಿಳಾಸವನ್ನು ಮುಖಪುಟದಲ್ಲಿ ಕಾಣುವಂತೆ ಹಾಕಿದರೆ ಸಾಕು.