ಮಳೆಕಾಡು, ಮಡದಿ ಮತ್ತು "ಮುಂದಿನ ವರ್ಷ"

ಚಳ್ಳಕೆರೆಯವರಿಗೆ ಮಳೆ ಅಂದ್ರೆ ದೊಡ್ಡ ಮನೆ ನೆಂಟರ ಥರ. ಬರ್ತೀವಿ ಅಂತ ಹೇಳಿ ಕಳಿಸ್ತಾರೆ, ನಾವು ಅಂಗಳ ಗುಡಿಸಿ ಕಾಯ್ತೀವಿ, ಅವರು ಪಕ್ಕದೂರಿನಲ್ಲಿ ಊಟ ಮುಗಿಸಿ ಹಾಗೇ ಹೊರಟುಬಿಡ್ತಾರೆ. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು ಬಿದ್ದರೆ ನಮಗೆ ಹಬ್ಬ. ಅಂಥ ಊರಿನವನ ಮುಂದೆ ಮಗಳು ಬಂದು ಕೂತು, "ಅಪ್ಪ, ನಿಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತೆ. ಅಮ್ಮನ್ನ ಕರ್ಕೊಂಡು ಕೋಸ್ಟರಿಕಾಗೆ ಹೋಗಿ ಬಾ, ಅಲ್ಲಿನ ಮಳೆಕಾಡು ಭಾಳ ಚೆನ್ನಾಗಿದೆಯಂತೆ" ಅಂದ್ರೆ ಹೇಗಾಗಬೇಡ?

ನಾನು ಮೊದಲು ಕೇಳಿದ್ದು "ಅದು ಎಲ್ಲಿದೆ?" ಅಂತ. ಎರಡನೇದು "ಎಷ್ಟಾಗುತ್ತೆ?" ಅಂತ. ಅಡುಗೆಮನೆಯಿಂದ ನನ್ನ ಹೆಂಡತಿ ಮೂರನೇ ಪ್ರಶ್ನೆ ಕೇಳಿದಳು: "ಯಾವಾಗ ಹೊರಡೋದು?"

ಈ ಮೂರನೇ ಪ್ರಶ್ನೆಗೆ ಒಂದು ಹಿನ್ನೆಲೆ ಇದೆ, ಹೇಳಿಬಿಡ್ತೀನಿ. ನಮ್ಮ ಮದುವೆ ಆಗಿದ್ದು 2001ರ ಮೇ ತಿಂಗಳಲ್ಲಿ. ಆ ಮಳೆಗಾಲದಲ್ಲಿ ಆಗುಂಬೆಗೆ ಹೋಗೋದು ಅಂತ ಮಾತಾಗಿತ್ತು. ಆ ವರ್ಷ ಮಳೆ ಕೈ ಕೊಟ್ಟಿತು. ಶೇಂಗಾ ಬಿತ್ತಿದ್ದು ಬಿತ್ತಿದಂಗೇ ಒಣಗಿತು. ಪ್ರವಾಸಕ್ಕೆ ಅಂತ ಇಟ್ಟಿದ್ದ ದುಡ್ಡು ಬೋರ್‌ವೆಲ್ಲಿಗೆ ಹೋಯಿತು, ಬೋರ್‌ವೆಲ್ಲಿನಲ್ಲಿ ಧೂಳು ಬಂತು. "ಮುಂದಿನ ವರ್ಷ ಹೋಗೋಣ" ಅಂದೆ. 2002ರಲ್ಲೂ ಬರ, 2003ರಲ್ಲೂ ಬರ. ಆಮೇಲೆ ಬರ ಹೋಯಿತು, "ಮುಂದಿನ ವರ್ಷ" ಮಾತ್ರ ನಮ್ಮನೆಯಲ್ಲೇ ಉಳಿದುಬಿಟ್ಟಿತು.

ಅವಳ ತವರು ಮೊಳಕಾಲ್ಮುರು. ರೇಷ್ಮೆ ಸೀರೆ ನೇಯೋ ಮನೆ. ನನಗೆ ಮಳೆ ಅಂದ್ರೆ ಶೇಂಗಾ. ಮಳೆ ಬಂದರೆ ಅಪ್ಪನ ಮುಖ ಅರಳುತ್ತಿತ್ತು. ಅವಳ ಮನೆಯಲ್ಲಿ ಕಥೆ ಬೇರೆ. ಗುಂಡಿ ಮಗ್ಗ. ಜಡಿಮಳೆ ಹಿಡಿದರೆ ಗುಂಡಿಯಲ್ಲಿ ಥಂಡಿ ಏರುತ್ತೆ, ಹಾಸಿನ ಎಳೆಗಳು ಬಿಗಿ ತಪ್ಪುತ್ತವೆ, ನೇಯ್ಗೆ ನಿಲ್ಲುತ್ತೆ. ನೇಯ್ಗೆ ನಿಂತ ದಿನ ಕೂಲಿ ಇಲ್ಲ. "ಮಳೆ ಬಂದ್ರೆ ನಮ್ಮಪ್ಪ ಬಾಗಿಲಲ್ಲಿ ನಿಂತು ಆಕಾಶ ನೋಡಿ ಬೈತಿದ್ರು. ಮಳೆನ ಬರೀ ಮಳೆ ಅಂತ ನಿಂತು ನೋಡಿದ್ದೇ ಇಲ್ಲ ನಾನು" ಅಂತ ಒಮ್ಮೆ ಹೇಳಿದ್ದಳು. ಮೊಳಕಾಲ್ಮುರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಸೀರೆಗೆ ಹೆಸರು ಬಂತು, ಮಗ್ಗದ ಗುಂಡಿ ಹಾಗೇ ಇದೆ.

ಇರಲಿ, ಕೋಸ್ಟರಿಕಾಗೆ ಬರೋಣ. ಬೇಡ ಅನ್ನೋಕೆ ಕಾರಣ ಹುಡುಕೋಣ ಅಂತಲೇ ಓದೋಕೆ ಕೂತೆ. ಕಾರಣ ಸಿಗೋದು ಕಷ್ಟವಾಗಲಿಲ್ಲ. ಮಧ್ಯ ಅಮೆರಿಕದ ಪುಟ್ಟ ದೇಶ, ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೆ. ಗಡಿಯಾರ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ನೇರ ವಿಮಾನ ಇಲ್ಲ. ಅಮೆರಿಕದ ಮೂಲಕ ಹೋದರೆ ಬರೀ ವಿಮಾನ ಬದಲಿಸೋಕೂ ಅವರ ವೀಸಾ ಬೇಕು. ಮೇ ತಿಂಗಳಲ್ಲಿ ಅಲ್ಲಿ ಮಳೆಗಾಲ ಶುರು. ಅದಕ್ಕೆ "ಹಸಿರು ಕಾಲ" ಅಂತ ಚಂದದ ಹೆಸರಿಟ್ಟು ಪ್ರವಾಸಿಗರನ್ನ ಕರೀತಾರೆ. ಏಜೆಂಟರು ಹೇಳಿದ ಖರ್ಚು ಕೇಳಿ ನಾನು ನೀರು ಕುಡಿದೆ.

ಆದರೆ ಓದ್ತಾ ಓದ್ತಾ ಒಂದು ವಿಷಯ ನನ್ನ ಹಿಡಿದು ನಿಲ್ಲಿಸಿತು. ಆ ದೇಶ ಹುಟ್ಟಾ ಹಸಿರೇನಲ್ಲ. ದನದ ಮಾಂಸ ರಫ್ತು ಮಾಡೋಕೆ ಅಂತ ಕಾಡು ಕಡಿದು ಹುಲ್ಲುಗಾವಲು ಮಾಡಿಕೊಂಡು, 1980ರ ದಶಕದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕಾಡು ಕಳಕೊಂಡಿತ್ತು. ಆಮೇಲೆ ಬುದ್ಧಿ ಬಂತು. 1996ರಲ್ಲಿ ಅರಣ್ಯ ಕಾಯ್ದೆ ತಂದರು. ಇಂಧನದ ಮೇಲೆ ತೆರಿಗೆ ಹಾಕಿ, ಆ ದುಡ್ಡಲ್ಲಿ ಕಾಡು ಉಳಿಸಿಕೊಂಡ ರೈತರಿಗೆ ಹಣ ಕೊಟ್ಟರು. ಈಗ ದೇಶದ ಅರ್ಧಕ್ಕಿಂತ ಹೆಚ್ಚು ನೆಲದಲ್ಲಿ ಮತ್ತೆ ಕಾಡಿದೆ. 1948ರಲ್ಲೇ ಸೈನ್ಯವನ್ನೂ ರದ್ದು ಮಾಡಿಕೊಂಡ ದೇಶ ಅದು. ಕಾಡು ತಾನಾಗಿ ಉಳಿಯಲಿಲ್ಲ, ಅಲ್ಲಿನ ಜನ ದುಡ್ಡು ಕೊಟ್ಟು ಉಳಿಸಿಕೊಂಡರು.

ಇಲ್ಲಿಗೆ ನನಗೆ ಭಾಷಣ ಮಾಡೋ ಹುಮ್ಮಸ್ಸು ಬಂತು. ಹೆಂಡತಿಗೆ ಹೇಳಿದೆ: "ನೋಡು, ಮಳೆಕಾಡು ನೋಡೋಕೆ ಅಷ್ಟು ದೂರ ಯಾಕೆ? ನಮ್ಮ ಆಗುಂಬೆ ಏನು ಕಮ್ಮಿ? ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ, ಅಂದ್ರೆ ನಮ್ಮೂರ ಹದಿನಾಲ್ಕು ವರ್ಷದ ಮಳೆ ಅಲ್ಲಿ ಒಂದೇ ವರ್ಷಕ್ಕೆ! ಕಾಳಿಂಗ ಸರ್ಪದ ಊರು. ರೋಮುಲಸ್ ವಿಟೇಕರ್ ಅನ್ನೋ ಹಾವಿನ ತಜ್ಞರು 2005ರಲ್ಲಿ ಅಲ್ಲೇ ಮಳೆಕಾಡಿನ ಸಂಶೋಧನಾ ಕೇಂದ್ರ ಮಾಡಿದ್ರು. ಶಂಕರ್‌ನಾಗ್ ಮಾಲ್ಗುಡಿ ಡೇಸ್ ತೆಗೆದಿದ್ದೂ ಅಲ್ಲೇ. ಐದಾರು ಗಂಟೆ ದಾರಿ. ಮೊದಲು ನಮ್ಮದು ನೋಡಬೇಕು, ಆಮೇಲೆ ಬೇರೆಯವರದು."

ಅವಳು ಹುಣಸೆಹಣ್ಣು ಕಿವುಚುತ್ತಾ ಒಂದೇ ಮಾತು ಹೇಳಿದಳು: "ಆಗುಂಬೆ ಇಪ್ಪತ್ತೈದು ವರ್ಷದಿಂದ ಅಲ್ಲೇ ಇತ್ತಲ್ರೀ. ಕರ್ಕೊಂಡು ಹೋದ್ರಾ?"

ನನ್ನ ಹತ್ರ ಉತ್ತರ ಇರಲಿಲ್ಲ.

ಈ ಬರಹ ಬರೆಯೋಕೆ ಕಾರಣವೇ ಆ ಮಾತು. "ನಮ್ಮಲ್ಲೇ ಎಲ್ಲಾ ಇದೆ, ಹೊರಗೆ ಯಾಕೆ ಹೋಗಬೇಕು" ಅನ್ನೋರು ನಮ್ಮಲ್ಲಿ ಬಹಳ ಜನ. ಕೇಳೋಕೆ ಊರಭಿಮಾನದ ಥರ ಇರುತ್ತೆ. ನಿಜವಾಗಿ ನಮ್ಮದನ್ನೂ ನೋಡಿರಲ್ಲ. ಜಿಪುಣತನಕ್ಕೋ ಸೋಮಾರಿತನಕ್ಕೋ ಅಭಿಮಾನದ ಅಂಗಿ ಹಾಕಿರ್ತೀವಿ. ಮಾವನ ಊರಿನ ಪಕ್ಕದಲ್ಲೇ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. ರೈಸ್ ಸಾಹೇಬರು 1892ರಲ್ಲೇ ಅವನ್ನ ಹುಡುಕಿಕೊಟ್ಟರು. ಇಪ್ಪತ್ತೈದು ವರ್ಷ ಅಳಿಯನಾಗಿ ಹೋಳಿಗೆ ತಿಂದ ನಾನು ಆ ಬೆಟ್ಟ ಒಂದು ಸಲವೂ ಹತ್ತಿಲ್ಲ. ಇನ್ನು ಯಾವ ಮುಖ ಇಟ್ಕೊಂಡು "ಮೊದಲು ನಮ್ಮದು" ಅನ್ನಲಿ?

ಅಭಿಮಾನದ ವಿಷಯಕ್ಕೆ ಇನ್ನೊಂದು ಮಾತು. ನಮ್ಮ ಚಳ್ಳಕೆರೆಯ ಅಮೃತಮಹಲ್ ಕಾವಲು ನಿಮಗೆ ಗೊತ್ತಿರಬೇಕು. ಮಳೆಕಾಡಿನವರಿಗೆ ಕಾಡು ಹೇಗೋ ನಮಗೆ ಆ ಹುಲ್ಲುಗಾವಲು ಹಾಗೆ. ಕೃಷ್ಣಮೃಗ ಓಡಾಡೋ ಜಾಗ. ಕುರಿ ಮೇಯ್ತಿದ್ದದ್ದು ಅಲ್ಲಿ, ಆ ಕುರಿಯ ಉಣ್ಣೆಯಿಂದಲೇ ನಮ್ಮ ಕಂಬಳಿ. 2008ರಿಂದ ಈಚೆಗೆ ಡಿಆರ್‌ಡಿಒ, ಬಾರ್ಕ್, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಎಲ್ಲಕ್ಕೂ ಸೇರಿ ಅದರಲ್ಲಿ ಸಾವಿರಾರು ಎಕರೆ ಹಂಚಲಾಯಿತು. ಬೇಲಿ, ಗೋಡೆ ಬಂದವು. ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ದೇಶಕ್ಕೆ ವಿಜ್ಞಾನ ಬೇಡ ಅಂತಲ್ಲ. 2023ರ ಏಪ್ರಿಲ್‌ನಲ್ಲಿ ಇಸ್ರೋದ ಮರುಬಳಕೆ ವಾಹನ ನಮ್ಮೂರಲ್ಲಿ ಇಳಿದಾಗ ನಾನೂ ಹೆಮ್ಮೆಪಟ್ಟೆ. ನನ್ನ ತಕರಾರು ನಾವು ಆಡೋ ಮಾತಿನ ಬಗ್ಗೆ. ಆ ನೆಲಾನ ಎಲ್ಲರೂ "ಖಾಲಿ ಜಾಗ", "ಬಂಜರು" ಅಂತ ಕರೆದರು. ಊರವರಾದ ನಾವೂ ಹಾಗೇ ಕರೆದೆವು. ಮರ ಇಲ್ಲದಿದ್ದರೆ ಅದು ಪ್ರಕೃತಿಯೇ ಅಲ್ಲ ಅಂತ ನಮಗೆ ಯಾರು ಹೇಳಿಕೊಟ್ಟರೋ! ಕೋಸ್ಟರಿಕಾದವರು ಕಾಡು ಕಡಿದು ಹುಲ್ಲು ಬೆಳೆಸಿ ತಪ್ಪು ತಿದ್ದಿಕೊಂಡರು. ನಮಗೆ ಹುಲ್ಲೇ ಆಸ್ತಿ ಅನ್ನೋದು ಇನ್ನೂ ಗೊತ್ತಾಗಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ದೂರದ ಹಸಿರು ನೋಡೋಕೆ ಹೋಗೋದು ತಪ್ಪಲ್ಲ. ದುಡ್ಡಿದ್ದರೆ ಹೋಗಿ, ಆದರೆ ಫೋಟೋ ಜೊತೆಗೆ ಅವರು ಅದನ್ನ ಉಳಿಸಿಕೊಂಡ ಬಗೆಯನ್ನೂ ತಿಳ್ಕೊಂಡು ಬನ್ನಿ. ದುಡ್ಡಿಲ್ಲದಿದ್ದರೆ "ದುಡ್ಡಿಲ್ಲ" ಅಂತ ಹೆಂಡತಿಗೆ ನೇರವಾಗಿ ಹೇಳಿ. ಊರಭಿಮಾನದ ಭಾಷಣ ಬೇಡ, ಅವರಿಗೆ ಅರ್ಥ ಆಗುತ್ತೆ. ಎಲ್ಲಕ್ಕಿಂತ ಮುಖ್ಯ, "ಮುಂದಿನ ವರ್ಷ" ಅನ್ನಬೇಡಿ, ತಾರೀಖು ಹೇಳಿ.

ನಾನೂ ಹೇಳಿದೆ. ಕೋಸ್ಟರಿಕಾಗೆ ನನ್ನ ಹತ್ರ ದುಡ್ಡಿಲ್ಲ ಅಂದೆ. "ಅದು ನಂಗೆ ಗೊತ್ತಿತ್ತು ಬಿಡ್ರಿ. ನೀವು ಯಾವಾಗ ಹೇಳ್ತೀರ ಅಂತ ನೋಡ್ತಿದ್ದೆ" ಅಂದಳು. ಮೇ ತಿಂಗಳಲ್ಲಿ, ಮದುವೆಯ ದಿನ, ಬಿಸಿಲೇರೋ ಮುಂಚೆ ಇಬ್ಬರೂ ಬ್ರಹ್ಮಗಿರಿ ಹತ್ತೋದು. ಜುಲೈ ಮೂರನೇ ವಾರ ಆಗುಂಬೆ. ನಾಲ್ಕು ದಿನಕ್ಕೆ ಕೋಣೆಗೆ ಮುಂಗಡ ಕೊಟ್ಟು ರಸೀದಿ ಅವಳ ಕೈಗೇ ಕೊಟ್ಟಿದೀನಿ. ಅವಳದು ಒಂದೇ ಷರತ್ತು: ಅಲ್ಲಿ ಹೋದ ಮೇಲೆ ಜಾಗ ನೋಡೋಕೆ ಅಂತ ಓಡಾಡಿಸಬಾರದು. ಜಗುಲಿ ಮೇಲೆ ಕೂತು ಮಳೆ ನೋಡಬೇಕು, ಅಷ್ಟೆ.

ಛತ್ರಿ ಮಾತ್ರ ಕೊಳ್ಳಬೇಕು. ನಮ್ಮನೆಯಲ್ಲಿ ಇರೋದು ಒಂದೇ, ಅದೂ ಬಿಸಿಲಿಗೆ ಅಂತ ತಗೊಂಡಿದ್ದು :)