ಕಣ್ಣಿಗಿಂತ ಮೊದಲು ಕಿವಿ

ಸಂಗೀತ ಪರಂಪರೆಯನ್ನು ಉಳಿಸುವ ಮಾತು ಬಂದರೆ ಈಗ ವಿಆರ್ ಕನ್ನಡಕದ ಪ್ರಸ್ತಾಪ ಬಾರದೆ ಇರದು. ಹಾಕಿಕೊಂಡರೆ ಸಾಕು, ಕಛೇರಿಯ ನಡುವೆ ಕೂತಂತೆ. ನಮಗಿದು ತೀರ ಹೊಸದೇನಲ್ಲ. 2006ರಲ್ಲಿ ರೂಪುಗೊಂಡ ‘ಪ್ಲೇಸ್–ಹಂಪಿ’ ಮುಂದೆ ತೋರಣಗಲ್ಲಿನ ಕಲಾಧಾಮಕ್ಕೆ ಬಂತು. ತಿರುಗುವ ವೇದಿಕೆ, ಸುತ್ತ ದುಂಡನೆಯ ಪರದೆ, ಕಣ್ಣೆದುರು ಮೂರು ಆಯಾಮದ ಹಂಪಿ. ಸಂಗೀತವೂ ಇದೆ, ಆದರೆ ಚಿತ್ರಕ್ಕೆ ಒತ್ತಾಸೆಯಾಗಿ. ಹಂಪಿಗೆ ಅದು ಸರಿ. ಗದಗ ಸೀಮೆಯ ಸಂಗೀತಕ್ಕೆ ಅದೇ ಅಚ್ಚು ಒಗ್ಗುವುದಿಲ್ಲ.

ಯಾಕೆಂದರೆ ಇಲ್ಲಿನ ಬಹುದೊಡ್ಡ ಸಂಗೀತ ಗರಡಿ, ಗದುಗಿನ ವೀರೇಶ್ವರ ಪುಣ್ಯಾಶ್ರಮ, ಅಂಧರು ಕಟ್ಟಿ ಬೆಳೆಸಿದ್ದು. ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಬಸವರಾಜ ರಾಜಗುರು ಅವರಂಥವರು ತಯಾರಾದದ್ದು ಪಂಚಾಕ್ಷರಿ ಗವಾಯಿಗಳ ಕೈಯಲ್ಲೇ. ಕಣ್ಣು ಕಾಣದ ಹುಡುಗನಿಗೆ ತಬಲಾದ ‘ನಾ’ ಕಲಿಸಬೇಕೆಂದರೆ ಗುರು ಅವನ ಉಂಗುರ ಬೆರಳನ್ನು ಕಪ್ಪು ಕರಣೆಯ ಅಂಚಿಗೆ ತಾಗಿಸಿ, ತೋರುಬೆರಳನ್ನು ಹಿಡಿದು ತಬಲಾದ ಅಂಚಿಗೆ ತಂದು ಹೊಡೆಸಬೇಕು. ಬೆರಳು ತುಸು ಒಳಗೆ ಬಿದ್ದರೂ ನಾದ ಮಂಕಾಗುತ್ತದೆ. ತಪ್ಪು ಕಿವಿಗೇ ಗೊತ್ತಾಗುತ್ತದೆ. ಆ ಹುಡುಗನಿಗೆ ವಿಆರ್ ಕನ್ನಡಕ ಕೊಟ್ಟು ಏನು ಮಾಡುವುದು?

ಅವನಿಗೆ ಬೇಕಾದ್ದು ಸುತ್ತುಧ್ವನಿ. ನಾಲ್ಕು ದಿಕ್ಕಿನ ಸದ್ದನ್ನು ಒಟ್ಟಿಗೆ ಹಿಡಿಯುವ ಮೈಕನ್ನು ಶಿಷ್ಯ ಕೂರುವ ಜಾಗದಲ್ಲಿಟ್ಟು ಪಾಠವನ್ನು ಮುದ್ರಿಸಬಹುದು. ತಲೆಯ ಚಲನೆ ಗುರುತಿಸುವ ಹೆಡ್‌ಫೋನಿನಲ್ಲಿ ಕೇಳುವಾಗ ಕತ್ತು ಹೊರಳಿಸಿದರೂ ತಂಬೂರಿ ತನ್ನ ಜಾಗದಲ್ಲೇ ಇರುತ್ತದೆ, ಗುರುವಿನ ‘ಹ್ಞೂಂ, ಇನ್ನೊಮ್ಮೆ’ ಎದುರಿನಿಂದಲೇ ಬರುತ್ತದೆ. ಕಛೇರಿಗಳ ಮುದ್ರಣಕ್ಕೆ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯಂಥ ಕೇಂದ್ರಗಳಿವೆ. ಪಾಠದ ಮುದ್ರಣವನ್ನು ಯಾರೂ ಅಷ್ಟು ಹಚ್ಚಿಕೊಂಡಿಲ್ಲ. ಗುರುವಿನೊಂದಿಗೆ ಮುಗಿದುಹೋಗುವುದು ಅದೇ.

ಜಾಗಕ್ಕೂ ದನಿಯಿದೆ. ಇಸ್ತಾಂಬುಲ್‌ನ ಹಗಿಯಾ ಸೋಫಿಯಾದಲ್ಲಿ ಹಾಡುವ ಹಾಗಿರಲಿಲ್ಲ. ಸ್ಟ್ಯಾನ್‌ಫರ್ಡ್ ಸಂಶೋಧಕರು ಒಳಗೆ ಬಲೂನು ಒಡೆಸಿ ಅದರ ಅನುರಣನವನ್ನಷ್ಟೇ ಹಿಡಿದುಕೊಂಡರು. ಆ ಅನುರಣನದಲ್ಲಿ ಕ್ಯಾಪೆಲ್ಲಾ ರೊಮಾನಾ ತಂಡ ಹಾಡಿದ ಆಲ್ಬಂ 2019ರಲ್ಲಿ ಬಂತು. ನರೇಗಲ್ಲಿನಲ್ಲಿ ಗಂಗರ ರಾಣಿ ಪದ್ಮಬ್ಬರಸಿ ಹತ್ತನೆಯ ಶತಮಾನದಲ್ಲಿ ಕಟ್ಟಿಸಿದ ಬಸದಿಯಿದೆ. ಆ ಕಲ್ಲು ದನಿಯನ್ನು ಹೇಗೆ ಹಿಂದಿರುಗಿಸುತ್ತದೆಂದು ದಾಖಲಿಸಲು ಬೇಕಾದ್ದು ಒಂದು ಬಲೂನು, ಒಂದು ಒಳ್ಳೆಯ ಮೈಕು, ಸಂಬಂಧಪಟ್ಟವರ ಒಪ್ಪಿಗೆ. (ಮೂರನೆಯದೇ ತ್ರಾಸು.)

ಯಂತ್ರ ಬಂದರೆ ಗುರು ಯಾರಿಗೆ ಬೇಕು ಎಂದು ಹೆದರುವವರಿದ್ದಾರೆ. ರೋಣದ ಭೀಮಸೇನ ಜೋಶಿಯವರ ಕತೆ ಬೇರೆಯದನ್ನೇ ಹೇಳುತ್ತದೆ. ಅಬ್ದುಲ್ ಕರೀಂ ಖಾನರ ಠುಮ್ರಿಯ ಗ್ರಾಮಫೋನ್ ತಟ್ಟೆ ಕೇಳಿ ಮರುಳಾದ ಹುಡುಗ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟ. ತಟ್ಟೆ ಅವನಿಗೆ ಹಾಡು ಕಲಿಸಲಿಲ್ಲ, ಮನೆಯಲ್ಲಿ ಕೂರಗೊಡಲೂ ಇಲ್ಲ. ಅಲೆದಾಟ ನಿಂತದ್ದು ಕುಂದಗೋಳದ ಸವಾಯಿ ಗಂಧರ್ವರ ಬಳಿ. ಸುತ್ತುಧ್ವನಿಯಿಂದಲೂ ನಾವು ನಿರೀಕ್ಷಿಸಬೇಕಾದ್ದು ಇಷ್ಟೇ.

ಒಂದು ತಕರಾರು ಮಾತ್ರ ನಿಜವಾದದ್ದು. ನರೇಗಲ್, ಗಜೇಂದ್ರಗಡ, ನರಗುಂದದ ಕಡೆಯ ಭಜನಾ ಮೇಳಗಳವರು ರಾತ್ರಿಯಿಡೀ ಹಾಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದರೆ ಹಾಡಿದವರಿಗೆ ಚಹಾದ ಕಾಸೂ ಹುಟ್ಟುವುದಿಲ್ಲ. ಸರ್ಕಾರದ ದುಡ್ಡಿನಲ್ಲಿ ಮುದ್ರಣ ನಡೆಯುವುದಾದರೆ ಮೊದಲೇ ಬರಹದ ಒಪ್ಪಂದ ಆಗಲಿ, ಹಾಡುಗಾರರಿಗೆ ಸಂಭಾವನೆ ಸಿಗಲಿ, ಒಂದು ಪ್ರತಿ ಆ ಊರಿನ ಗ್ರಂಥಾಲಯದಲ್ಲೇ ಉಳಿಯಲಿ.