ಕುದುರೆಗೆ 9 ತಾಸು, ಕಾರ್ಮಿಕನಿಗೆ 12

ಬಂಡವಾಳ ಮತ್ತು ದುಡಿಮೆ ಒಂದೇ ಗಾಡಿಗೆ ಹೂಡಿದ ಜೋಡುಕುದುರೆಗಳೆಂದೂ, ಎರಡೂ ಕೂಡಿ ಎಳೆದರೆ ಮಾತ್ರ ಉದ್ಯಮ ಮುಂದೆ ಸಾಗುವುದೆಂದೂ ಧಣಿಗಳ ಸಭೆಗಳಲ್ಲಿ ಹೇಳುವುದು ಹಳೆಯ ರೂಢಿ. ಕೇಳಲು ಬಲು ಇಂಪಾದ ಮಾತು. ಆದರೆ ಹೇಳುವವರು ಜೋಡಿ ಹೂಡಿದ್ದನ್ನು ಎಂದೂ ಕಂಡಂತಿಲ್ಲ.

ಗಾಡಿಯ ಮುಂದೆ ನಡುವೆ ಒಂದು ಉದ್ದನೆಯ ಮರ. ಅದರ ಎಡಬಲಕ್ಕೆ ಒಂದೊಂದು ಕುದುರೆ. ಎರಡರ ಎತ್ತರ, ನಡಿಗೆ, ಕಸುವು ಸರಿಜೋಡಿ ಇರಬೇಕು. ಎದೆಗೆ ತೊಗಲಿನ ಪಟ್ಟಿ. ಪಟ್ಟಿಯಿಂದ ಹಿಂದಕ್ಕೆ ಗಾಡಿಯನ್ನೆಳೆಯುವ ಬಾರು. ಏರು ಬಂದಾಗ ಬಲ್ಲ ಗಾಡಿಯವ ಕುದುರೆಯ ಮೋರೆ ನೋಡುವುದಿಲ್ಲ, ಬಾರು ನೋಡುತ್ತಾನೆ. ಯಾವುದರ ಬಾರು ಸಡಿಲ ಬಿದ್ದಿದೆಯೋ ಅದು ಎಳೆಯುತ್ತಿಲ್ಲ, ಬರೇ ಜೊತೆಗೆ ನಡೆಯುತ್ತಿದೆ. ಭಾರವೆಲ್ಲ ಇನ್ನೊಂದರ ಎದೆಯ ಮೇಲೆ. ಕಾರಖಾನೆಯಲ್ಲಿ ಬಂಡವಾಳದ ಬಾರು ಎಂದಾದರೂ ಬಿಗಿದದ್ದುಂಟೆ? ಅದು ಹೂಡಿದ ಕುದುರೆಯೇ ಅಲ್ಲ. ಮೇಲೆ ಕುಳಿತು ಲಗಾಮು ಹಿಡಿದದ್ದು ಅದೇ.

ಇರಲಿ. ನಮ್ಮನ್ನು ಕುದುರೆ ಎಂದರಲ್ಲ, ಕುದುರೆಯ ಕಾಯಿದೆಯನ್ನೇ ನೋಡೋಣ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಮೇರೆಗೆ ಕೇಂದ್ರ ಸರಕಾರ 1965ರಲ್ಲಿ ಎಳೆಯುವ, ಹೊರುವ ಪ್ರಾಣಿಗಳಿಗಾಗಿ ನಿಯಮ ಮಾಡಿತು. ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು ದುಡಿಸಕೂಡದು. ಬಿಡುವು ಕೊಡದೆ ಸತತ 5 ತಾಸು ಮೀರಕೂಡದು. ಬಿಸಿಲು 37 ಡಿಗ್ರಿ ದಾಟುವ ಸೀಮೆಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಕೂಡದು. ಹುಬ್ಬಳ್ಳಿ ಸ್ಟೇಶನ್ನಿನ ಮುಂದೆ ನಿಲ್ಲುತ್ತಿದ್ದ ಒಂಟಿ ಕುದುರೆಯ ಟಾಂಗಾಕ್ಕೂ ಇದೇ ನಿಯಮ. ಹೊಡೆಯುವವನನ್ನೂ ಚಿಕ್ಕ ಮಕ್ಕಳನ್ನೂ ಬಿಟ್ಟು ನಾಲ್ಕೇ ಜನ. ಒಳ್ಳೆಯ ನಿಯಮವೇ. ಮೂಕಪ್ರಾಣಿಗೆ ಇಷ್ಟಾದರೂ ಬೇಕು. ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಏಪ್ರಿಲ್ ಬಿಸಿಲಿಗೆ ಚೀಲ ಹೊರುವ ಹಮಾಲನಿಗೆ ಈ 12ರಿಂದ 3ರ ನಿಯಮ ಎಲ್ಲಿದೆ ಎಂದಷ್ಟೇ ಕೇಳುತ್ತೇವೆ.

ಈಗ ಮನುಷ್ಯನ ಕಾಯಿದೆಗೆ ಬನ್ನಿ. 1948ರ ಕಾರಖಾನೆ ಕಾಯಿದೆಯಲ್ಲಿ ನಮಗೂ ದಿನಕ್ಕೆ 9 ತಾಸು, ವಾರಕ್ಕೆ 48, ಸತತ ದುಡಿಮೆ 5 ತಾಸು ಎಂದಿತ್ತು. ಅಲ್ಲಿಯವರೆಗೆ ಕುದುರೆಗೂ ನಮಗೂ ಸರಿಜೋಡಿ! 2023ರಲ್ಲಿ ಕರ್ನಾಟಕದ ವಿಧಾನಮಂಡಲ ಆ ಕಾಯಿದೆಗೆ ತಿದ್ದುಪಡಿ ತಂದಿತು: ದಿನದ ದುಡಿಮೆಯನ್ನು 12 ತಾಸಿನವರೆಗೆ, ಬಿಡುವಿಲ್ಲದ ದುಡಿಮೆಯನ್ನು 6 ತಾಸಿನವರೆಗೆ ಏರಿಸಬಹುದು. ಕಾರ್ಮಿಕನ ಲಿಖಿತ ಒಪ್ಪಿಗೆ ಇದ್ದರಾಯಿತು. ಕುದುರೆಯ ಒಪ್ಪಿಗೆ ಬರೆಸಿಕೊಂಡು 12 ತಾಸು ಹೂಡಬಹುದೆಂದು 1965ರ ನಿಯಮದಲ್ಲಿ ಎಲ್ಲಿಯೂ ಇಲ್ಲ. ಅದಕ್ಕೆ ಸಹಿ ಬರುವುದಿಲ್ಲ, ಬಚಾವಾಯಿತು. ಗೇಟಿನ ಹೊರಗೆ ಹತ್ತು ಮಂದಿ ಕೆಲಸಕ್ಕೆ ಕಾದು ನಿಂತಿರುವಾಗ ಒಳಗಿನವ ಹಾಕುವ ಸಹಿ ಎಷ್ಟು ಸ್ವಂತದ್ದು?

ವಾರಕ್ಕೆ 48 ತಾಸು ಮೀರುವುದಿಲ್ಲ, ನಾಲ್ಕು ದಿನ ದುಡಿದು ಮೂರು ದಿನ ರಜೆ ಎಂದು ಸಮಾಧಾನ ಹೇಳಿದರು. ಹಾಗಿದ್ದರೆ ಅದೇ ತಿದ್ದುಪಡಿಯಲ್ಲಿ ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75ರಿಂದ 144 ತಾಸಿಗೆ ಎತ್ತಿದ್ದು ಯಾಕೆ? ರಜೆಯ ದಿನ ಎಲ್ಲಿಗೆ ಹೋಗುತ್ತದೆಂಬುದು ಇದರಲ್ಲೇ ಬರೆದಿದೆ. ಸೋಮವಾರ ಎದೆ ತರಚಿದ ಕುದುರೆಗೆ ಶುಕ್ರವಾರದ ಹುರಳಿ ಮದ್ದಲ್ಲ.

ದುರ್ಗದ ಬೈಲಿನ ವ್ಯಾಪಾರಿ ಬಂಧುಗಳು ಇದು ತಮಗೆ ಸಂಬಂಧವಿಲ್ಲದ ಜಗಳವೆಂದು ತಿಳಿಯಬಾರದು. ಹನ್ನೆರಡು ತಾಸು ದುಡಿದು ರಾತ್ರಿ ಮನೆ ಸೇರುವವ ಸಂಜೆಯ ಪೇಟೆಗೆ ಬರುವುದು ಯಾವಾಗ?

2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ದಿನಕ್ಕೆ 8 ತಾಸು ಎಂದು ಅಲ್ಲಿ ಬರೆದಿದೆ. ಮೀರಿದ ದುಡಿಮೆಗೆ ಇಮ್ಮಡಿ ಕೂಲಿ, ಮತ್ತೆ ಕಾರ್ಮಿಕನ ಒಪ್ಪಿಗೆ. ಒಪ್ಪಿಗೆಯ ಕಾಗದ ಕೈಗೆ ಬಂದಾಗ ಒಬ್ಬೊಬ್ಬರೇ ಸಹಿ ಹಾಕಬೇಡಿ. ಕನ್ನಡದಲ್ಲಿ ಪ್ರತಿ ಕೇಳಿ, ತಾಸಿನ ಲೆಕ್ಕವನ್ನೂ ಇಮ್ಮಡಿ ಕೂಲಿಯನ್ನೂ ಅದರಲ್ಲೇ ಬರೆಸಿ, ಯೂನಿಯನ್ನಿನಲ್ಲಿ ಎಲ್ಲರೂ ಕೂಡಿ ಓದಿದ ಮೇಲೆ ಉತ್ತರ ಕೊಡಿ.